ಬೀದರಿನಲ್ಲಿ ಒಂದೇ ದಿನ: ಖಿಲ್ಲಾ ನೋಡಬೇಕೋ, ಅಷ್ಟೂರಿಗೆ ಹೋಗಬೇಕೋ?

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಮ್ಮ ಕಾಕಾನ ಮಗಳು ಗಂಡ, ಮಕ್ಕಳನ್ನು ಕರಕೊಂಡು ಹುಬ್ಬಳ್ಳಿಯಿಂದ ಬಂದಿದ್ದಳು. ಮನೆಗೆ ಬಂದು ಚಹಾ ಕುಡಿಯುತ್ತಲೇ ಹೇಳಿದಳು: “ಅಣ್ಣಾ, ನಮಗ ಒಂದ ದಿನ ಐತಿ. ಬೀದರದಾಗ ಏನೇನ್ ಐತಿ ಎಲ್ಲಾ ತೋರಿಸಿಬಿಡು.” ನಾನೂ ಆಗಲಿ ಎಂದೆ. ಹತ್ತೂವರೆಗೆ ಖಿಲ್ಲಾಕ್ಕೆ ಹೋದೆವು. ಅಲ್ಲಿ ತಿರುಗುತ್ತ ತಿರುಗುತ್ತ ಎರಡು ಗಂಟೆಯಾಯಿತು. ಮಕ್ಕಳ ಕಾಲು ಸೋತವು, ತಂದಿದ್ದ ನೀರು ಮುಗಿಯಿತು. ಊಟ ಮಾಡಿ, ಹಳೆಯ ಕಾವಲು ಗೋಪುರ ಚೌಬಾರಾ ಹತ್ತಿ, ಗುರುದ್ವಾರಕ್ಕೆ ಹೋಗಿ ಅಷ್ಟೂರು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯ ಗುಂಬಜಿನ ಒಳಗೆ ಕತ್ತಲೆ. ಅವಳು ಮೊಬೈಲಿನ ಬೆಳಕು ಹಿಡಿದು ಸುತ್ತ ನೋಡಿ, “ಏನೂ ಕಾಣವಲ್ತಲ್ಲ ಅಣ್ಣಾ” ಎಂದಳು.

ಆ ಮಾತು ನನ್ನ ಮನಸ್ಸಿಗೆ ಬಹಳ ಚುಚ್ಚಿತು. ನಮ್ಮೂರಿನಲ್ಲಿ ಎಲ್ಲಕ್ಕಿಂತ ಚೆಂದದ್ದು ಅವಳ ತಲೆಯ ಮೇಲೇ ಇತ್ತು. ಅದು ಕಾಣದಂಥ ಹೊತ್ತಿನಲ್ಲಿ ಕರೆದೊಯ್ದದ್ದು ನನ್ನ ತಪ್ಪು. ಅಲ್ಲಿಂದ ಈಚೆಗೆ ಮನೆಗೆ ಬಂದವರಿಗೆಲ್ಲ ನಾನು ಬೇರೆ ಲೆಕ್ಕ ಹೇಳುತ್ತೇನೆ. ಬೀದರಿನಲ್ಲಿ ಯಾವುದು ದೊಡ್ಡದು, ಯಾವುದರ ಹೆಸರು ಹೆಚ್ಚು ಎಂದು ನೋಡಿ ಆರಿಸಬೇಡಿ. ನಿಮಗೆ ಬಣ್ಣ ನೋಡಬೇಕೋ, ಕಲ್ಲು ನೋಡಬೇಕೋ, ನೀರು ನೋಡಬೇಕೋ ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಆಮೇಲೆ ಬಿಸಿಲು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನು ನೋಡಿ ಹೊರಡಿ.

ಖಿಲ್ಲಾ ಮತ್ತು ಅಷ್ಟೂರು

ಹೊರಗಿನಿಂದ ಬಂದವರಲ್ಲಿ ಹೆಚ್ಚಿನವರು ಖಿಲ್ಲಾ ಒಂದನ್ನೇ ನೋಡಿ ತಿರುಗಿ ಹೋಗುತ್ತಾರೆ. ಅದಕ್ಕೆ ಕಾರಣವೂ ಇದೆ. ಕೋಟೆ ನಿಜಕ್ಕೂ ದೊಡ್ಡದು: 37 ಬುರುಜು, ಏಳು ದರ್ವಾಜಾ, ಊರಿನ ಕಡೆಯಿಂದ ಒಳಹೋಗುವಾಗ ಸಿಗುವ ಮೂರು ಸಾಲಿನ ಕಂದಕ. ಈ ಕಂದಕವನ್ನು ಕಲ್ಲು ತಂದು ಕಟ್ಟಿದ್ದಲ್ಲ, ನೆಲದ ಬಂಡೆಯನ್ನೇ ಕಡಿದು ಮಾಡಿದ್ದು. ಎರಡು ಕಂದಕದ ನಡುವೆ ಬಂಡೆಯ ಗೋಡೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಗುದ್ದಲಿ ಬಿದ್ದ ಬಂಡೆಯ ಮೈ ಕೆಂಪಗೆ ಕಾಣುತ್ತದೆ. ಬೀದರಿನ ನೆಲವೆಲ್ಲ ಇದೇ ಜಂಬಿಟ್ಟಿಗೆ ಕಲ್ಲು. ನೆಲದಲ್ಲಿದ್ದಾಗ ಕಡಿಯಲು ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ಮುಂದೆ ನೀರಿನ ಮಾತು ಬಂದಾಗ ಈ ಕಲ್ಲು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ಬಹಮನಿಗಳ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಒಳಗಿರುವ ಸೋಲಾ ಖಂಬ್ ಮಸೀದಿಯ ಶಾಸನವೂ ಆ ಕಾಲದ್ದೇ, 1423–24ರದು. ಹೆಸರಿನಲ್ಲಿ ಹದಿನಾರು ಕಂಬ ಎಂದಿದ್ದರೂ ಒಳಗೆ ಸಾಲು ಸಾಲು ದುಂಡು ಕಂಬಗಳಿವೆ. ನಡುವಿನ ಭಾಗದಲ್ಲಿ ಎದ್ದು ಕಾಣುವ ಹದಿನಾರರಿಂದ ಆ ಹೆಸರು ಬಂದಿದೆ. ಸುಮಾರು 90 ಮೀಟರ್ ಉದ್ದದ ಕಟ್ಟಡವಿದು. ಮಧ್ಯಾಹ್ನದ ಬಿಸಿಲು ತಡೆಯದಾದಾಗ ಈ ಕಂಬಗಳ ನಡುವೆ ಕೂತರೆ ಮೈ ತಂಪಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಇಲ್ಲಿ ಕೂಡಿಸಿ ಉಳಿದವರು ಸುತ್ತಾಡಿ ಬರಬಹುದು.

ಆದರೆ ಖಿಲ್ಲಾದಲ್ಲಿ ತಪ್ಪದೆ ನೋಡಬೇಕಾದ್ದು ಒಂದೇ ಒಂದು, ಅದು ರಂಗೀನ್ ಮಹಲ್. ಅದಕ್ಕೆ ಬಹಳ ಸಲ ಬೀಗ ಹಾಕಿರುತ್ತಾರೆ. ಹಳೆಯ ಹಮಾಮಿನಲ್ಲಿ, ಅಂದರೆ ಸ್ನಾನದ ಮನೆಯಲ್ಲಿ, ಇರುವ ಮ್ಯೂಸಿಯಂ ಹತ್ತಿರ ಹೋಗಿ ಸಿಬ್ಬಂದಿಯನ್ನು ಕೇಳಿದರೆ ಬಾಗಿಲು ತೆರೆದು ತೋರಿಸುತ್ತಾರೆ. ಕೇಳದೆ ಬಂದವರು ಹೊರಗಿನ ಗೋಡೆ ನೋಡಿಕೊಂಡು ವಾಪಸು ಹೋಗುತ್ತಾರೆ. ಈಗ ಕಾಣುವ ಅಲಂಕಾರದಲ್ಲಿ ಹೆಚ್ಚಿನದು ಬಹಮನಿಗಳ ನಂತರ ಬೀದರ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್ ಶಾನ ಕಾಲದ್ದು, ಅಂದರೆ 1542ರಿಂದ 1580ರ ನಡುವಿನದು. ಮುಂದಿನ ಅಂಕಣದಲ್ಲಿ ಕೆತ್ತನೆಯ ಮರದ ಕಂಬಗಳಿವೆ. ಒಳಕೋಣೆಯ ಬಾಗಿಲ ಸುತ್ತ ಹೊಳಪು ಕೊಟ್ಟ ಕರಿಕಲ್ಲಿದೆ. ಆ ಕರಿಕಲ್ಲಿನಲ್ಲಿ ಬಳ್ಳಿಯ ಆಕಾರಕ್ಕೆ ಸಣ್ಣ ಸಣ್ಣ ಗುಂಡಿ ಕೊರೆದು, ಅದೇ ಅಳತೆಗೆ ಕತ್ತರಿಸಿದ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂಡಿಸಿದ್ದಾರೆ. ಎದುರಿಗೆ ನಿಂತು ನೋಡಿದರೆ ಅವು ಬರಿ ಬಿಳಿ ಚುಕ್ಕೆ. ಒಂದು ಹೆಜ್ಜೆ ಬಲಕ್ಕೆ ಸರಿದು ನೋಡಿ: ಎಲೆಯೊಂದು ಗುಲಾಬಿಗೆ ತಿರುಗುತ್ತದೆ, ಅದರ ಪಕ್ಕದ್ದು ಹಸಿರಿಗೆ. ಕೆಲವು ಕಡೆ ಚಿಪ್ಪು ಉದುರಿ ಗುಂಡಿ ಮಾತ್ರ ಉಳಿದಿದೆ. ಆ ಖಾಲಿ ಗುಂಡಿಗಳನ್ನೂ ನೋಡಿ. ಕೆಲಸ ಮಾಡಿದವನ ಕೈ ಎಷ್ಟು ನೇರವಾಗಿತ್ತು ಎಂಬುದು ಅಲ್ಲಿಯೇ ಚೆನ್ನಾಗಿ ತಿಳಿಯುತ್ತದೆ.

ಉಳಿದ ಗಗನ್ ಮಹಲ್, ತರ್ಕಶ್ ಮಹಲ್, ದಿವಾನ್-ಎ-ಆಮ್, ತಖ್ತ್ ಮಹಲ್‌ಗಳಲ್ಲಿ ಬಹಳಷ್ಟು ಬಿದ್ದುಹೋಗಿವೆ. ಸಮಯ ಕಡಿಮೆಯಿದ್ದವರು ಇವುಗಳಲ್ಲಿ ತಖ್ತ್ ಮಹಲ್ ಒಂದನ್ನೇ ಆರಿಸಿಕೊಳ್ಳಲಿ. ಅಲ್ಲಿಯ ಎತ್ತರದ ಕಮಾನಿನ ಮೂಲೆಯಲ್ಲಿ ಹುಲಿ, ಅದರ ಹಿಂದೆ ಸೂರ್ಯ, ಗೋಡೆಗೆ ಕೂಡಿಸುವ ಬಣ್ಣದ ಹೆಂಚಿನಲ್ಲಿ ಮಾಡಿದ ಗುರುತು ಇನ್ನೂ ಉಳಿದುಕೊಂಡಿದೆ.

ಇನ್ನು ಅಷ್ಟೂರು. ಊರಿನಿಂದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರ್, ಆಟೋ ಹಿಡಿದರೆ ಹತ್ತು ಹದಿನೈದು ನಿಮಿಷ. ಹೊಲಗಳ ನಡುವೆ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳು. ಖಿಲ್ಲಾದಂತೆ ಇಲ್ಲಿ ಅರ್ಧ ದಿನ ಬೇಕಿಲ್ಲ, ಒಂದೂವರೆ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಆದರೂ ಎರಡರಲ್ಲಿ ಒಂದೇ ಎಂದು ಯಾರಾದರೂ ಹಟ ಹಿಡಿದರೆ ನಾನು ಕೊಡುವ ಉತ್ತರ ಅಷ್ಟೂರು. ಖಿಲ್ಲಾದಂಥ ಕೋಟೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಕಲಬುರಗಿಯಲ್ಲಿದೆ, ಬಸವಕಲ್ಯಾಣದಲ್ಲಿದೆ, ಯಾದಗಿರಿಯ ಗುಡ್ಡದ ಮೇಲೂ ಇದೆ. ಅಹ್ಮದ್ ಶಾ ವಲಿಯ ಗೋರಿಯ ಒಳಗಿನಂಥ ಚಿತ್ರಗಾರಿಕೆಯನ್ನು ನೋಡಲು ಮಾತ್ರ ಇಲ್ಲಿಗೇ ಬರಬೇಕು.

ಹೊರಗಿನಿಂದ ನೋಡಿದರೆ ದಪ್ಪ ಗೋಡೆಯ, ಸಾದಾ ಮುಖದ ಕಟ್ಟಡ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಮೊದಲು ಎರಡು ನಿಮಿಷ ಏನೂ ಕಾಣುವುದಿಲ್ಲ, ಕಣ್ಣು ಕತ್ತಲೆಗೆ ಒಗ್ಗಬೇಕು. ಆಮೇಲೆ ಗೋಡೆಯ ಮೇಲೆ ಕೆಂಪು ಏಳುತ್ತದೆ, ಆಮೇಲೆ ನೀಲಿ, ಕೊನೆಗೆ ಬಂಗಾರದ ಅಕ್ಷರ. ಇರಾನಿನ ಸೂಫಿ ಸಂತ ಶಾ ನಿಅಮತುಲ್ಲಾ ಕಿರ್ಮಾನಿಯನ್ನು ಅಹ್ಮದ್ ಶಾ ಗುರುವಾಗಿ ನಂಬಿದ್ದ. ಆ ಸಂತನ ಉಪದೇಶ, ಗುರುಪರಂಪರೆಯ ಹೆಸರುಗಳು ಗೋಡೆ ತುಂಬ ಪಟ್ಟಿ ಪಟ್ಟಿಯಾಗಿ ಬರೆದಿವೆ. ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಅಕ್ಷರಗಳೇ ಹೂಬಳ್ಳಿಯಂತಿವೆ.

ನಮ್ಮ ತಂಗಿ ದಸರಾ ರಜೆಯಲ್ಲಿ ಮತ್ತೆ ಬಂದಳು. ಆ ಸಲ ಬೆಳಿಗ್ಗೆ ಒಂಬತ್ತಕ್ಕೇ ಅವಳನ್ನು ಅಲ್ಲಿಗೆ ಕರೆದೊಯ್ದೆ. ಗೋರಿ ನೋಡಿಕೊಳ್ಳುವ ಹಿರಿಯರು ಒಂದು ಕನ್ನಡಿ ಹಿಡಿದು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತರು. ಕನ್ನಡಿಗೆ ಬಿದ್ದ ಬಿಸಿಲು ಬಾಗಿಲೊಳಗಿಂದ ಹಾದು ಗುಂಬಜಿನ ನೆತ್ತಿಗೆ ತಾಗಿತು. ಅವರು ಮಣಿಕಟ್ಟು ತಿರುಗಿಸಿದಂತೆಲ್ಲ ಬೆಳಕಿನ ತುಂಡು ಗುಂಬಜಿನ ಒಳಮೈ ಮೇಲೆ ಹರಿದಾಡುತ್ತಿತ್ತು. ಅದು ಹೋದಲ್ಲೆಲ್ಲ ಬಂಗಾರ ಮಿನುಗುತ್ತಿತ್ತು, ಸರಿದೊಡನೆ ಅಲ್ಲಿ ಮತ್ತೆ ಕತ್ತಲೆ. ತಂಗಿಯ ಸಣ್ಣ ಮಗ ಬಾಯಿ ತೆರೆದು ಮೇಲೆ ನೋಡುತ್ತ ನಿಂತವನು, ಕಡೆಗೆ “ಅಜ್ಜಾ, ನಾ ಹಿಡೀಲೇನು?” ಎಂದು ಕೇಳಿ ಕನ್ನಡಿ ಈಸಿಕೊಂಡ. ಅದಕ್ಕೇ ಹೇಳುವುದು: ಅಷ್ಟೂರಿಗೆ ಬೆಳಗಿನ ಬಿಸಿಲು ಇರುವಾಗ ಹೋಗಿ. ಮೋಡ ಮುಸುಕಿದ ದಿನವಾದರೆ ಮೊದಲು ಖಿಲ್ಲಾ ನೋಡಿ, ಬಿಸಿಲು ಬಿದ್ದ ಮೇಲೆ ಇಲ್ಲಿಗೆ ಬನ್ನಿ. ಕನ್ನಡಿ ಹಿಡಿದವರ ಕೈಗೆ ಮನಸ್ಸಿಗೆ ಬಂದಷ್ಟು ಕೊಡಿ.

ಈ ಗೋರಿಯನ್ನು ಚಿತ್ರ ನೋಡುವ ಜಾಗ ಎಂದಷ್ಟೇ ತಿಳಿಯಬಾರದು. ಬರಗಾಲದಲ್ಲಿ ಅಹ್ಮದ್ ಶಾ ಪ್ರಾರ್ಥಿಸಿದಾಗ ಮಳೆ ಬಂತು, ಅದಕ್ಕೇ ಜನ ‘ವಲಿ’, ಅಂದರೆ ಸಂತ, ಎಂದು ಕರೆದರು ಎಂಬ ಕತೆಯಿದೆ. ಇಲ್ಲಿಯ ಲಿಂಗಾಯತರು ಅವನಲ್ಲಿ ಅಲ್ಲಮಪ್ರಭುವನ್ನೇ ಕಾಣುತ್ತಾರೆ. ಹೋಳಿ ಕಳೆದ ಮೇಲೆ ನಡೆಯುವ ಜಾತ್ರೆಯ ದಿನ ಗೊತ್ತಾಗುವುದು ನಮ್ಮ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಮುಂದೆ ನಿಂತು ಅದನ್ನು ನಡೆಸುತ್ತಾರೆ. ಶಂಖವೂ ಊದುತ್ತದೆ, ಫಾತಿಹಾ ಓದುವುದೂ ನಡೆಯುತ್ತದೆ, ಕಾಯಿಯೂ ಒಡೆಯುತ್ತದೆ. ಜಾತ್ರೆಯ ಹೊತ್ತಿಗೆ ಬರುವಂತಿದ್ದರೆ ಬನ್ನಿ. ಜನಸಂದಣಿಯಲ್ಲಿ ಗೋಡೆಯ ಚಿತ್ರ ಸರಿಯಾಗಿ ನೋಡಲಾಗುವುದಿಲ್ಲ. ಅದಕ್ಕಾಗಿ ಇನ್ನೊಂದು ದಿನ ಬರಬೇಕಾಗುತ್ತದೆ.

ಅದೇ ಸಾಲಿನಲ್ಲಿ ಹುಮಾಯೂನ್ ಶಾನ ಗೋರಿಯಿದೆ. 1458ರಿಂದ 1461ರವರೆಗೆ ಆಳಿದವನು, ಜನ ‘ಜಾಲಿಮ್’ ಎಂದು ಕರೆದವನು. ಸಿಡಿಲು ಬಡಿದು ಅವನ ಗುಂಬಜ್ ಸೀಳಿದೆ. ಅರ್ಧ ಬಿದ್ದಿದೆ, ಅರ್ಧ ನಿಂತಿದೆ. ಕ್ರೂರಿಯ ಗೋರಿಗೆ ಸಿಡಿಲು ಬಡಿಯದೆ ಇರುತ್ತದೆಯೇ ಎನ್ನುವವರಿದ್ದಾರೆ. ನಾನು ಅದನ್ನು ತೋರಿಸುವುದು ಬೇರೆ ಕಾರಣಕ್ಕೆ. ಗುಂಬಜ್ ಹೇಗೆ ಕಟ್ಟುತ್ತಾರೆ, ಗೋಡೆ ಎಷ್ಟು ದಪ್ಪ, ಇಟ್ಟಿಗೆ ಹೇಗೆ ಒಳಕ್ಕೆ ಬಾಗುತ್ತ ಹೋಗುತ್ತದೆ ಎಂಬುದು ಕುಂಬಳಕಾಯಿ ಕೊಯ್ದಿಟ್ಟಂತೆ ಇಲ್ಲಿ ಕಾಣುತ್ತದೆ. ಸಿವಿಲ್ ಓದುವ ಮಕ್ಕಳಿದ್ದರೆ ಇದರ ಮುಂದೆ ಅರ್ಧ ತಾಸು ಬಿಟ್ಟುಬಿಡಿ.

ಅಷ್ಟೂರಿನ ದಾರಿಯಲ್ಲೇ ಎತ್ತರದಲ್ಲಿ ಚೌಖಂಡಿ ಸಿಗುತ್ತದೆ. ನಿಅಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಗೋರಿಯಿದು. ಎಂಟು ಮೂಲೆಯ ಕಟ್ಟಡ, ಬಾಗಿಲ ಮೇಲೆ ಕರಿಕಲ್ಲಿನಲ್ಲಿ ಕೊರೆದ ಅಕ್ಷರ. ಆಟೋದವರಿಗೆ ಮೊದಲೇ ಹೇಳಿದರೆ ನಿಲ್ಲಿಸುತ್ತಾರೆ, ಇಪ್ಪತ್ತು ನಿಮಿಷ ಸಾಕು.

ಅಷ್ಟೂರು ಮತ್ತು ಬರೀದ್ ಶಾಹಿ ಗೋರಿಗಳು

“ಅಲ್ಲೂ ಗೋರಿ, ಇಲ್ಲೂ ಗೋರಿ, ಎರಡೂ ಯಾಕೆ ನೋಡಬೇಕು?” ಎಂದು ಕೇಳುವವರಿದ್ದಾರೆ. ಎರಡೂ ಒಂದೇ ರೀತಿಯವಲ್ಲ. ಅಷ್ಟೂರಿನವು ಒಳಗೆ ಕೂಡಿಟ್ಟುಕೊಂಡ ಕಟ್ಟಡಗಳು. ಬರೀದ್ ಶಾಹಿಗಳದು, ಅದರಲ್ಲೂ ಅಲಿ ಬರೀದನದು, ಪೂರ್ತಿ ತೆರೆದದ್ದು. ನಾಲ್ಕೂ ಕಡೆ ದೊಡ್ಡ ಕಮಾನು, ಒಂದಕ್ಕೂ ಕದವಿಲ್ಲ. ನಡುವೆ ಹೊಳಪಿನ ಕರಿಕಲ್ಲಿನ ಗೋರಿ. ಈ ಕಡೆಯಿಂದ ನೋಡಿದರೆ ಆ ಕಡೆಯ ಆಕಾಶ ಕಾಣುತ್ತದೆ. 1576–77ರಲ್ಲಿ, ತಾನು ಬದುಕಿದ್ದಾಗಲೇ ಅವನು ಇದನ್ನು ಕಟ್ಟಿಸಿಕೊಂಡ. ಅಷ್ಟೂರಿನಲ್ಲಿ ಗೋಡೆಯ ಮೇಲೆ ಬಣ್ಣ ಬಳಿದಿದ್ದಾರೆ, ಇಲ್ಲಿ ಬಣ್ಣದ ಹೆಂಚು ಕೂಡಿಸಿದ್ದಾರೆ. ಕಮಾನುಗಳ ಮೇಲೆ ಪಾರ್ಸಿ ಕವಿತೆಯ ಸಾಲುಗಳನ್ನು ಹೆಂಚಿನಲ್ಲೇ ಬರೆಯಿಸಿದ್ದಾನೆ. ಬಣ್ಣಕ್ಕೆ ಕತ್ತಲೆ, ಕನ್ನಡಿ ಎರಡೂ ಬೇಕು. ಹೆಂಚಿಗೆ ಅಡ್ಡ ಬಿಸಿಲು ಬಿದ್ದರೆ ಸಾಕು.

ಹಾಗಾಗಿ ಇಲ್ಲಿಗೆ ಸಂಜೆ ಹೋಗುವುದು ಮೇಲು. ಊರಿನ ಪಶ್ಚಿಮಕ್ಕೆ, ಉದಗೀರ ರಸ್ತೆಯಲ್ಲಿ, ಬಸ್ ನಿಲ್ದಾಣಕ್ಕೆ ಹತ್ತಿರವೇ ಇದೆ. ಸುತ್ತ ಉದ್ಯಾನ, ವಾಕಿಂಗ್ ಬಂದವರು, ಆಡುವ ಮಕ್ಕಳು. ಐದು ಗಂಟೆಯ ಮೇಲೆ ಬಿಸಿಲು ಕಮಾನಿನೊಳಗಿಂದ ಓರೆಯಾಗಿ ಬಂದು ಉಳಿದ ಹೆಂಚುಗಳ ಮೇಲೆ ಬೀಳುತ್ತದೆ. ಬಹಳ ಹೆಂಚು ಕಿತ್ತುಹೋಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೊರಗಿನ ಎಷ್ಟೋ ಚೌಕಗಳು ಖಾಲಿ. ಪುಟ್ಟ ಮಕ್ಕಳು, ಮೆಟ್ಟಿಲು ಹತ್ತಲಾರದ ಹಿರಿಯರು ಜೊತೆಗಿದ್ದರೆ, ರಾತ್ರಿಯ ಬಸ್ಸಿಗೆ ಎರಡು ತಾಸು ಮಾತ್ರ ಉಳಿದಿದ್ದರೆ, ಅಷ್ಟೂರಿಗಿಂತ ಇದೇ ಸರಿ.

ಮದರಸಾ, ಚೌಬಾರಾ

ಮಹಮೂದ್ ಗವಾನ್ ಮದರಸಾ ಹಳೆಯ ಊರಿನ ಒಳಗೇ, ಚೌಬಾರಾದಿಂದ ಖಿಲ್ಲಾಕ್ಕೆ ಹೋಗುವ ದಾರಿಯಲ್ಲಿದೆ. ಅದಕ್ಕಾಗಿ ಬೇರೆ ಸಮಯ ತೆಗೆದಿಡಬೇಕಿಲ್ಲ, ಖಿಲ್ಲಾಕ್ಕೆ ಹೋಗುವಾಗಲೋ ಬರುವಾಗಲೋ ಇಳಿದರಾಯಿತು. ಇರಾನಿನ ಗೀಲಾನಿನಿಂದ ಬಂದು ಬಹಮನಿಗಳ ಪ್ರಧಾನಿಯಾದ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದ. ಮೂರು ಅಂತಸ್ತು, ಪಾಠದ ಕೋಣೆಗಳು, ವಿದ್ಯಾರ್ಥಿಗಳಿಗೆ, ಗುರುಗಳಿಗೆ ವಸತಿ, ಮೂರು ಸಾವಿರ ಪುಸ್ತಕಗಳಿದ್ದವು ಎನ್ನುವ ಗ್ರಂಥಾಲಯ. ಖೊಟ್ಟಿ ಪತ್ರದ ಪಿತೂರಿಗೆ ಬಲಿಯಾಗಿ 1481ರಲ್ಲಿ ಅವನು ಸುಲ್ತಾನನ ಆಜ್ಞೆಯಿಂದಲೇ ಸತ್ತ. 1696ರಲ್ಲಿ ಇಲ್ಲಿ ಕೂಡಿಟ್ಟಿದ್ದ ಸಿಡಿಮದ್ದು ಸಿಡಿದು ಮುಂಭಾಗದ ಅರ್ಧವೂ ಒಂದು ಮಿನಾರೂ ನೆಲಕಚ್ಚಿದವು.

ಉಳಿದ ಇನ್ನೊಂದು ಮಿನಾರಿನ ಬುಡದಲ್ಲಿ ನಿಲ್ಲಿ. ನೀಲಿ, ಹಸಿರು, ಬಿಳಿ ಹೆಂಚುಗಳು ಓರೆಗೆರೆಯಾಗಿ ಸುತ್ತುತ್ತ ಮೇಲೇರುತ್ತವೆ. ಬೀದರಿನಲ್ಲಿ ಹೆಂಚಿನ ಕೆಲಸ ಚೆನ್ನಾಗಿ, ಹಗಲು ಬೆಳಕಿನಲ್ಲಿ, ಬೀಗದ ಗೊಡವೆಯಿಲ್ಲದೆ ಕಾಣುವುದು ಇಲ್ಲಿಯೇ. ರಂಗೀನ್ ಮಹಲ್ ತೆರೆಯಿಸಲು ಆಗದೆ ಹೋದವರು ಮದರಸಾಕ್ಕೆ ಇನ್ನೊಂದು ಅರ್ಧ ತಾಸು ಹೆಚ್ಚು ಕೊಡಲಿ.

ಚೌಬಾರಾ 71 ಅಡಿ ಎತ್ತರದ ದುಂಡು ಕಾವಲು ಗೋಪುರ. ನಾಲ್ಕು ದಿಕ್ಕಿನ ರಸ್ತೆ ಅದರ ಬುಡದಲ್ಲಿ ಕೂಡುತ್ತವೆ. ಹೊರಗಿನಿಂದ ನೋಡಿ ಮುಂದೆ ಹೋದರೂ ನಷ್ಟವಿಲ್ಲ. ಅದರ ಸುತ್ತಲಿನ ಗಲ್ಲಿಗಳಲ್ಲಿ ಬಿದ್ರಿ ಕೆಲಸ ಮಾಡುವವರ ಅಂಗಡಿಗಳನ್ನು ಮಾತ್ರ ದಾಟಿ ಹೋಗಬೇಡಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕೊನೆಗೆ ಖಿಲ್ಲಾದ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಪಾತ್ರೆಯನ್ನು ಅದರಲ್ಲಿ ಅದ್ದಿದರೆ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಇದಕ್ಕೆ ಆಗುವುದಿಲ್ಲ. ಬಹುಕಾಲ ಮಳೆ ಬಿಸಿಲು ಕಾಣದ ಜಾಗದ ಮಣ್ಣು ಬೇಕು. ಅದನ್ನು ನಾಲಿಗೆಯ ತುದಿಗೆ ಹಚ್ಚಿ ರುಚಿ ನೋಡಿ ಆರಿಸುವ ಕಸಬುದಾರರಿದ್ದಾರೆ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಚಿಪ್ಪು ಕೂಡಿಸಿದ್ದನ್ನು ನೋಡಿ ಬಂದವರಿಗೆ ಈ ಕರಿ ಲೋಹದ ಮೇಲಿನ ಬೆಳ್ಳಿಯನ್ನು ಕಂಡಾಗ ಎರಡರ ನೆಂಟಸ್ತಿಕೆ ತಾನಾಗಿ ತಿಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಈ ಕಸಬಿನವರು, ನಮ್ಮೂರಿನವರು.

ನೀರು: ಝರಣಿ, ಝಿರಾ, ಸುರಂಗ ಬಾವಿ

ಆ ಕೆಂಪು ಕಲ್ಲಿನ ಮಾತು ಈಗ. ಜಂಬಿಟ್ಟಿಗೆ ಮೈತುಂಬ ತೂತು. ಮಳೆಯ ನೀರು ಅದರೊಳಗೆ ಸೋಸಿಕೊಂಡು ಇಳಿಯುತ್ತದೆ. ಕೆಳಗಿರುವ ಗಟ್ಟಿ ಕರಿಕಲ್ಲು ಅದನ್ನು ಇನ್ನೂ ಕೆಳಕ್ಕೆ ಬಿಡುವುದಿಲ್ಲ. ಎರಡು ಕಲ್ಲು ಕೂಡುವ ಕಡೆ, ಗುಡ್ಡದ ಅಂಚಿನಲ್ಲಿ, ನೀರು ಒರತೆಯಾಗಿ ಹೊರಬೀಳುತ್ತದೆ. ಎತ್ತರದ ಬಯಲಿನ ಮೇಲಿರುವ ನಮ್ಮೂರಿನಲ್ಲಿ ಇಷ್ಟೊಂದು ಒರತೆ ಯಾಕಿವೆ, ಒಂದೊಂದು ಒರತೆಯ ಮೇಲೆ ಒಂದೊಂದು ದೇವರು ಯಾಕೆ ನೆಲೆಸಿದ್ದಾರೆ ಎಂಬುದಕ್ಕೆ ಈ ಕಲ್ಲೇ ಕಾರಣ.

ಝರಣಿ ನರಸಿಂಹ ದೇವರ ದರ್ಶನಕ್ಕೆ ಸುಮಾರು 300 ಅಡಿ ಉದ್ದದ ಗವಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ತಲೆಯ ಮೇಲೆ ಬಾವಲಿಗಳು, ಕಾಲ ಕೆಳಗೆ ಕಲ್ಲುನೆಲ, ಮುಂದೆ ಹಿಂದೆ ‘ಗೋವಿಂದಾ’ ಎನ್ನುವ ಜನ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗುತ್ತಾರೆ. ಗವಿಯ ಕೊನೆಗೆ ನರಸಿಂಹನೂ ಶಿವಲಿಂಗವೂ ಒಟ್ಟಿಗೇ ಇದ್ದಾರೆ. ನರಸಿಂಹ ಸಂಹರಿಸಿದ ರಾಕ್ಷಸನೇ ನೀರಾಗಿ ಹರಿದನೆಂದು ಸ್ಥಳದ ಕತೆ. ಉಸಿರಾಟದ ತೊಂದರೆ ಇರುವವರು, ಇಕ್ಕಟ್ಟಿನ ಜಾಗ ಕಂಡರೆ ಅಂಜುವವರು ಒಳಗಿಳಿಯಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ, ಒಳಗೆ ಬಿಡದ ದಿನಗಳೂ ಇರುತ್ತವೆ. ಹೊರಡುವ ಮುಂಚೆ ಊರಿನಲ್ಲಿ ವಿಚಾರಿಸಿಕೊಳ್ಳಿ. ಬದಲು ಬಟ್ಟೆ ಬೇಕೇ ಬೇಕು.

ಒಳಗಿಳಿಯಲಾಗದವರಿಗೆ ಗುರುನಾನಕ್ ಝಿರಾ ಗುರುದ್ವಾರವಿದೆ. ನಾನಕರು ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಾಗ ಊರಲ್ಲಿ ಸಿಹಿನೀರಿಲ್ಲದೆ ಜನ ಗೋಳಾಡುತ್ತಿದ್ದರಂತೆ. ಅವರು ಪಾದುಕೆಯಿಂದ ಕಲ್ಲು ಸರಿಸಿದಲ್ಲಿ ಒರತೆ ಚಿಮ್ಮಿತು ಎಂಬುದು ನಂಬಿಕೆ. ಸಿಖ್ಖರ ಖಾಲ್ಸಾ ಪಂಥದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಹಾಗಾಗಿ ಪಂಜಾಬಿನಿಂದ, ನಾಂದೇಡಿನಿಂದ ಯಾತ್ರಿಕರು ಬರುತ್ತಲೇ ಇರುತ್ತಾರೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲು ತೊಳೆದು ಒಳಗೆ ಹೋಗಿ. ಮಧ್ಯಾಹ್ನದ ಊಟವನ್ನು ಲಂಗರಿನಲ್ಲೇ, ಅಂದರೆ ಗುರುದ್ವಾರದ ದಾಸೋಹದಲ್ಲೇ, ಮಾಡಿ, ಜಾತಿ ಮತ ಕೇಳದೆ ಎಲ್ಲರಿಗೂ ಸಾಲಿನಲ್ಲಿ ಕೂಡಿಸಿ ಬಡಿಸುತ್ತಾರೆ. ಝರಣಿ, ಝಿರಾ ಎರಡರಲ್ಲಿ ಒಂದು ಎಂದರೆ ಮುದುಕರು, ಹಸಿದ ಮಕ್ಕಳು ಇರುವ ಸಂಸಾರಕ್ಕೆ ಝಿರಾ. ಹರಕೆ ಹೊತ್ತವರು, ಗಟ್ಟಿ ಮೈಯ ಹುಡುಗರು ಝರಣಿಗೆ ಹೋಗಲಿ.

ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಇವೆರಡರಂತಲ್ಲ. ಅಲ್ಲಿ ಗುಡಿಯಿಲ್ಲ, ಗುಂಬಜಿಲ್ಲ. ಬಹಮನಿ ಕಾಲದವರು ಇರಾನಿನ ವಿದ್ಯೆಯನ್ನು ತಂದು ನೆಲದ ಅಡಿಯಲ್ಲಿ ಸುರಂಗ ಕೊರೆದು, ಒರತೆಯ ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿಯುವಂತೆ ಮಾಡಿದರು. ಮೇಲೆ ಸಾಲಾಗಿ ಕಾಣುವ ಬಾವಿಗಳು ಆ ಸುರಂಗಕ್ಕೆ ಗಾಳಿ ಹೋಗಲು, ಮಣ್ಣು ಎತ್ತಲು ತೋಡಿದವು. ಹೀಗೇ ಸುಮ್ಮನೆ ಹೋದವರಿಗೆ ಅದು ನೆಲದಲ್ಲಿರುವ ತೂತುಗಳ ಸಾಲು. ಕೃಷಿ, ನೀರು, ಇಂಜಿನಿಯರಿಂಗ್ ವಿಷಯದಲ್ಲಿ ಆಸಕ್ತಿ ಇದ್ದವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಅವರು ತಿರುಗಿ ಬಂದು ಉಳಿದ ಎಲ್ಲದಕ್ಕಿಂತ ಹೆಚ್ಚು ಇದರ ಬಗ್ಗೆಯೇ ಮಾತಾಡುತ್ತಾರೆ.

ಗುಡಿಗಳು ಬೇಕೆನ್ನುವವರಿಗೆ

ಬೀದರ ಊರೊಳಗೆ ಹಳೆಯ ಕೆತ್ತನೆಯ ದೊಡ್ಡ ಗುಡಿ ಹುಡುಕಿದರೆ ನಿರಾಸೆಯಾದೀತು. ಪಾಪನಾಶ ಶಿವನ ಗುಡಿಗೆ ಹೋಗಬಹುದು. ಅಲ್ಲಿಯ ಲಿಂಗವನ್ನು ರಾಮನೇ ಸ್ಥಾಪಿಸಿದನೆಂದು ಭಕ್ತರು ನಂಬುತ್ತಾರೆ, ಶಿವರಾತ್ರಿಗೆ ಬಹಳ ಜನ ಸೇರುತ್ತಾರೆ. ಅದು ಭಕ್ತಿಗೆ ಸರಿ, ಶಿಲ್ಪ ನೋಡಲಿಕ್ಕಲ್ಲ. ಶಿಲ್ಪ ಬೇಕಿದ್ದವರು ಎರಡನೆಯ ದಿನ ಇಟ್ಟುಕೊಂಡು ಹುಮನಾಬಾದಿನ ಕಡೆ ಹೋಗಬೇಕು.

ಇಲ್ಲಿ ಆಯ್ಕೆ ಬಸವಕಲ್ಯಾಣ ಮತ್ತು ಜಲಸಂಗ್ವಿಯ ನಡುವೆ. ಬಸವಕಲ್ಯಾಣ ಬೀದರಿನಿಂದ ಸುಮಾರು 80 ಕಿಲೋಮೀಟರ್. ಕಲ್ಯಾಣ ಚಾಲುಕ್ಯರ ರಾಜಧಾನಿ, ಬಸವಣ್ಣನವರು ಬಿಜ್ಜಳನಲ್ಲಿ ಕಾಯಕ ಮಾಡಿದ ಊರು. ಕೋಟೆ, ತ್ರಿಪುರಾಂತಕ ಕೆರೆ, ಅಕ್ಕ ನಾಗಮ್ಮನ ಗವಿ, 108 ಅಡಿಯ ಬಸವಣ್ಣನ ಮೂರ್ತಿ ಇವೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ವಚನ ಓದಿ ಬೆಳೆದವರಿಗೆ ಆ ಮಣ್ಣಿನ ಮೇಲೆ ನಡೆಯುವುದೇ ಬೇರೆ ಅನುಭವ. ಆದರೆ ಹನ್ನೆರಡನೆಯ ಶತಮಾನದ ಕಟ್ಟಡಗಳನ್ನೇ ಕಣ್ಣಾರೆ ಕಾಣುತ್ತೇವೆ ಎಂದುಕೊಂಡು ಹೋದರೆ ಹೆಚ್ಚೇನೂ ಸಿಗದು. ಅಲ್ಲಿ ಕಾಣುವುದರಲ್ಲಿ ಬಹುಪಾಲು ಆಮೇಲಿನದು, ಇಲ್ಲವೇ ಈಚಿನದು.

ಆ ಕಾಲದ ಕಲ್ಲನ್ನೇ ನೋಡಬೇಕೆಂದರೆ ಜಲಸಂಗ್ವಿ. ಹುಮನಾಬಾದಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಹಳ್ಳಿ. ಬಸ್ಸು ಸಿಗುವುದು ಕಷ್ಟ, ಸ್ವಂತ ಗಾಡಿ ಇದ್ದರೆ ಅಥವಾ ಹುಮನಾಬಾದಿನಲ್ಲಿ ಆಟೋ ಮಾತಾಡಿಕೊಂಡರೆ ಒಳ್ಳೆಯದು. ಗುಡಿ ಸಣ್ಣದು, ಶಿವನದು, ಕಲ್ಯಾಣ ಚಾಲುಕ್ಯರ ಕಾಲದ್ದು. ಹೊರಗೋಡೆಯ ಮೇಲೆ ಸುತ್ತಲೂ ಹೆಣ್ಣುಗಳ ಶಿಲ್ಪ. ಅವರಲ್ಲಿ ಒಬ್ಬಳು ನಮಗೆ ಬೆನ್ನು ತಿರುಗಿಸಿದಂತೆ ಮೈ ಬಾಗಿಸಿ ನಿಂತು, ಕೈಯೆತ್ತಿ ಬರೆಯುತ್ತಿದ್ದಾಳೆ. ಅವಳು ಬರೆದ ಅಕ್ಷರಗಳು ಅಲ್ಲೇ ಕಲ್ಲಿನಲ್ಲಿವೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವದು. ಶಾಸನ ಬರೆಯಿಸಿದ ಅರಸರು ಬಹಳ ಜನ. ಶಾಸನವನ್ನು ಬರೆಯುತ್ತಿರುವ ಹೆಣ್ಣನ್ನೇ ಕಡೆದು ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಬೇಲೂರಿನ ಮದನಿಕೆಯರ ಮುಂದೆ ಗಂಟೆಗಟ್ಟಲೆ ನಿಲ್ಲುವವರು ಒಮ್ಮೆ ಇವಳನ್ನೂ ನೋಡಬೇಕು. ಬೇಲೂರಿನವರಿಗೆ ಇವಳು ಅಕ್ಕನಾಗಬೇಕು.

ಎರಡರಲ್ಲಿ ಒಂದು ಎಂದರೆ ವಚನದ ಓದುಗರು ಬಸವಕಲ್ಯಾಣಕ್ಕೆ ಹೋಗಲಿ, ಶಿಲ್ಪದ ಒಲವಿನವರು ಜಲಸಂಗ್ವಿಗೆ. ಗಾಡಿ ಇದ್ದರೆ ಒಂದೇ ದಿನದಲ್ಲಿ ಎರಡೂ ಆಗುತ್ತವೆ. ದಾರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನಿಗೂ ಮಾಣಿಕನಗರದ ಮಾಣಿಕಪ್ರಭುಗಳಿಗೂ ಕೈಮುಗಿದು ಬರಬಹುದು.

ಒಂದೇ ದಿನ ಇರುವವರಿಗೆ ನಾನು ಹೇಳುವ ಓಡಾಟ ಹೀಗೆ: ಬೆಳಿಗ್ಗೆ ಒಂಬತ್ತಕ್ಕೆ ಅಷ್ಟೂರು, ಬರುವಾಗ ಚೌಖಂಡಿ, ಹನ್ನೊಂದರ ಹೊತ್ತಿಗೆ ಮದರಸಾ, ಬಿದ್ರಿಯವರ ಗಲ್ಲಿ. ಒಂದು ಗಂಟೆಗೆ ಝಿರಾದಲ್ಲಿ ಊಟ. ಮೂರಕ್ಕೆ ಖಿಲ್ಲಾ, ಅಲ್ಲಿ ಮೊದಲು ರಂಗೀನ್ ಮಹಲಿನ ಬಾಗಿಲು ತೆರೆಯಿಸಿ, ಉಳಿದದ್ದು ಆಮೇಲೆ. ಐದೂವರೆಗೆ ಬರೀದ್ ಶಾಹಿ ಉದ್ಯಾನ. ಬೇಸಿಗೆಯಲ್ಲಿ ಖಿಲ್ಲಾವನ್ನು ನಾಲ್ಕಕ್ಕೆ ತಳ್ಳಿ. ಮಳೆಗಾಲ ಮುಗಿದ ಕೂಡಲೇ ಬಂದರೆ ಎಲ್ಲಕ್ಕಿಂತ ಒಳ್ಳೆಯದು: ಕಂದಕದ ಅಂಚಿಗೆ ಹಸಿರು, ಒರತೆಗಳಲ್ಲಿ ನೀರು, ಅಷ್ಟೂರಿನ ಹೊಲಗಳಲ್ಲಿ ತೊಗರಿ ನಿಂತಿರುತ್ತದೆ.

ಕಲಬುರಗಿಯ ಮೇಲೆ ಹಾದುಹೋಗುವವರಿಗೆ ಇನ್ನೊಂದು ಮಾತು. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಈ ದಾರಿ ಸುಲಭವಾಗಿದೆ. ರೈಲು ಬದಲಿಸುವ ನಡುವೆ ಮೂರು ತಾಸು ಸಿಕ್ಕರೆ ಅಲ್ಲಿಯ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ ಬನ್ನಿ. 1367ರದು. ಬೇರೆ ಮಸೀದಿಗಳಲ್ಲಿ ನಡುವೆ ಇರುವ ಬಯಲು ಅಂಗಳ ಇದರಲ್ಲಿಲ್ಲ, ಇಡೀ ಕಟ್ಟಡವನ್ನು ಗುಂಬಜುಗಳಿಂದಲೇ ಮುಚ್ಚಿದ್ದಾರೆ. ಬಣ್ಣವಿಲ್ಲ, ಹೆಂಚಿಲ್ಲ, ಬರಿ ಸುಣ್ಣದ ಗಾರೆಯ ಕಮಾನಿನ ಹಿಂದೆ ಕಮಾನು. ಬೀದರಿಗೆ ಬರುವ ಮುಂಚಿನ ಬಹಮನಿಗಳ ಕೈಕೆಲಸ ಹೇಗಿತ್ತು ಎಂಬುದು ಅಲ್ಲಿ ಕಾಣುತ್ತದೆ. ಬೀದರಿಗೆ ಹೋಗುವಾಗಲೇ ಅದನ್ನು ನೋಡಿಕೊಂಡು ಬಂದರೆ ಅಷ್ಟೂರಿನ ಗೋಡೆಯ ಬಣ್ಣ ಇನ್ನೂ ಹೆಚ್ಚು ಎದ್ದು ಕಾಣುತ್ತದೆ.